ಸೂಜಿಗೆ ಮೊದಲು ಸೀಸೆ: ಕೆಚ್ಚಲು ಬಾವಿನ ರೋಗಾಣುವನ್ನು ಹೆಸರು ಹಿಡಿದು ಗುರುತಿಸುವ ಬಗೆ

ಎರಡು ವರ್ಷದ ಹಿಂದಿನ ಮುಂಗಾರಿನಲ್ಲಿ ಆಲೂರು ಕಡೆಯ ಹೆಣ್ಣುಮಗಳೊಬ್ಬರು ಬೆಳಗಿನ ಮೊದಲ ಬಸ್ಸು ಹಿಡಿದು ಹಾಸನಕ್ಕೆ, ನಾನು ಕೆಲಸ ಮಾಡುವ ಪ್ರಯೋಗಾಲಯಕ್ಕೆ ಬಂದಿದ್ದರು. ಕೈಚೀಲದೊಳಗೆ ಕೆಮ್ಮಿನ ಔಷಧಿಯ ಹಳೆಯ ಸೀಸೆ, ಅದರಲ್ಲಿ ಅರ್ಧದವರೆಗೆ ಹಾಲು. ಸೀಸೆಯನ್ನು ಬಿಸಿನೀರಿನಲ್ಲಿ ಮೂರು ಸಲ ತೊಳೆದೇ ತಂದಿದ್ದೇನೆ ಎಂದರು. ಮಿಶ್ರತಳಿಯ ಹಸು, ಎರಡನೆಯ ಕರು ಹಾಕಿ ಮೂರು ತಿಂಗಳಾಗಿತ್ತು. ಹಿಂದಿನ ಎಡ ತೊಟ್ಟಿನಲ್ಲಿ ಗರಣೆ, ಅಂದರೆ ಒಡೆದ ಹಾಲಿನ ಗಡ್ಡೆ, ಬರುತ್ತಿತ್ತು. ಇಂಜೆಕ್ಷನ್ ಕೊಡಿಸಿದರೆ ಒಂದೆರಡು ವಾರ ತಣ್ಣಗಿರುತ್ತದೆ, ಆಮೇಲೆ ಅದೇ ತೊಟ್ಟು, ಅದೇ ಗರಣೆ. ಮೂರು ಸಲ ಹೀಗೆಯೇ ಆಗಿತ್ತು. "ಹಾಲು ನೋಡಿದರೆ ಯಾವ ಔಷಧಿ ಹಿಡಿಯುತ್ತದೆ ಎಂದು ಗೊತ್ತಾಗುತ್ತದಂತಲ್ಲ ಡಾಕ್ಟರೇ" ಎಂದು ಕೇಳಿದರು.

ಮರುದಿನ, ಆ ಹಾಲು ಸವರಿ ಬ್ಯಾಕ್ಟೀರಿಯಾ ಬೆಳೆಯಲು ಇಟ್ಟಿದ್ದ ಪ್ಲೇಟು ತೆಗೆದು ನೋಡಿದರೆ ಐದು ಬಗೆಯ ಬ್ಯಾಕ್ಟೀರಿಯಾಗಳು ಜಾತ್ರೆ ನೆರೆದಂತೆ ಬೆಳೆದು ನಿಂತಿದ್ದವು. ಸಗಣಿಯದ್ದು ಯಾವುದು, ಸೀಸೆಯದ್ದು ಯಾವುದು, ಕೈಯದ್ದು ಯಾವುದು, ನಿಜವಾಗಿ ಕೆಚ್ಚಲೊಳಗೆ ಕುಳಿತಿರುವುದು ಯಾವುದು ಎಂದು ಹೇಳುವ ದಾರಿಯೇ ಇರಲಿಲ್ಲ. ಒಂದು ದಿನದ ಕೂಲಿ, ಬಸ್ಸಿನ ಖರ್ಚು, ಅಷ್ಟು ದೂರದ ಮಳೆಯ ದಾರಿ ಎಲ್ಲವೂ ವ್ಯರ್ಥವಾಯಿತು ಎಂದು ಅವರಿಗೆ ಫೋನಿನಲ್ಲಿ ಹೇಳಬೇಕಾದಾಗ ನನಗೆ ಬಹಳ ಸಂಕಟವಾಯಿತು. ತಪ್ಪು ಅವರದ್ದಲ್ಲ. ಹಾಲನ್ನು ಹೇಗೆ ತರಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆ ಸೀಸೆಯಿಂದ ಹಿಡಿದು ವರದಿಯ ಕಾಗದದವರೆಗೆ ಏನೇನು ನಡೆಯುತ್ತದೆ ಎಂಬುದನ್ನು ಹಸು ಕಟ್ಟಿಕೊಂಡವರೆಲ್ಲರೂ ತಿಳಿದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ಮಾತು. ಕೆಚ್ಚಲು ಬಾವು ಎನ್ನುವುದು ಒಂದು ರೋಗದ ಹೆಸರಲ್ಲ. ಜ್ವರ ಎಂದ ಹಾಗೆ ಅದು ಒಂದು ಲಕ್ಷಣದ ಹೆಸರು. ಅದರ ಹಿಂದೆ ಬ್ಯಾಕ್ಟೀರಿಯಾಗಳೇ ನೂರಕ್ಕೂ ಹೆಚ್ಚು ಬಗೆ ಇರಬಹುದು. ಯೀಸ್ಟ್ ಇರಬಹುದು, ಪ್ರೊಟೊಥೀಕಾ ಎಂಬ ಪಾಚಿಯ ಜಾತಿಯ ಜೀವಿಯೂ ಇರಬಹುದು. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ: ಊತ, ಬಿಸಿ, ಗರಣೆ. ಒಳಗಿನ ಶತ್ರು ಬೇರೆ ಬೇರೆ. ಒಬ್ಬ ಪಕ್ಕದ ಹಸುವಿನಿಂದ ಹಾಲು ಕರೆಯುವ ಕೈಯ ಮೇಲೆ ಸವಾರಿ ಮಾಡಿ ಬರುತ್ತಾನೆ. ಇನ್ನೊಬ್ಬ ಒದ್ದೆ ಕೊಟ್ಟಿಗೆಯ ನೆಲದಿಂದ ಏರುತ್ತಾನೆ. ಒಬ್ಬನಿಗೆ ಪೆನಿಸಿಲಿನ್ ಸಾಕು, ಇನ್ನೊಬ್ಬನಿಗೆ ಯಾವ ಔಷಧಿಯನ್ನು ತೊಟ್ಟಿನೊಳಗೆ ಬಿಟ್ಟರೂ ಹೆಚ್ಚೇನೂ ಆಗದು. ಹೆಸರು ಗೊತ್ತಿಲ್ಲದೆ ಸೂಜಿ ಹಾಕುವುದೆಂದರೆ ವಿಳಾಸವಿಲ್ಲದ ಕಾಗದವನ್ನು ಅಂಚೆಗೆ ಹಾಕಿದಂತೆ.

ಗರಣೆ ಬಂದ ಮೇಲೆ ಎಲ್ಲರಿಗೂ ಗೊತ್ತಾಗುತ್ತದೆ. ಕಷ್ಟವಿರುವುದು ಕಣ್ಣಿಗೆ ಕಾಣದ ಬಾವಿನಲ್ಲಿ. ಹಾಲು ಬೆಳ್ಳಗೇ ಇರುತ್ತದೆ, ಕೆಚ್ಚಲು ಮೆತ್ತಗೇ ಇರುತ್ತದೆ, ಆದರೆ ಇಳುವರಿ ದಿನಕ್ಕೆ ಅರ್ಧ ಲೀಟರ್, ಒಂದು ಲೀಟರ್ ಎಂದು ಕರಗುತ್ತಾ ಹೋಗುತ್ತದೆ. ರೋಗಾಣುವಿನೊಡನೆ ಹೋರಾಡಲು ಹಸುವಿನ ರಕ್ತದಿಂದ ಬಿಳಿ ರಕ್ತಕಣಗಳು ಹಾಲಿಗೆ ಇಳಿದಿರುತ್ತವೆ. ಆರೋಗ್ಯವಾದ ಕೆಚ್ಚಲಿನ ಒಂದು ಮಿಲಿಲೀಟರ್ ಹಾಲಿನಲ್ಲಿ ಸಾಮಾನ್ಯವಾಗಿ ಒಂದು ಲಕ್ಷಕ್ಕಿಂತ ಕಡಿಮೆ ಜೀವಕೋಶಗಳಿದ್ದರೆ, ಎರಡು ಲಕ್ಷ ದಾಟಿದಾಗ ಒಳಗೆ ಸೋಂಕಿದೆ ಎಂದು ಶಂಕಿಸುತ್ತೇವೆ. ಕೊಟ್ಟಿಗೆಯಲ್ಲಿ ನಿಂತೇ ಇದನ್ನು ತಿಳಿಯುವ ಉಪಾಯ 1957ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬಂತು. ನಾಲ್ಕು ಬಟ್ಟಲಿನ ತಟ್ಟೆಗೆ ನಾಲ್ಕು ತೊಟ್ಟಿನ ಹಾಲನ್ನು ಬೇರೆ ಬೇರೆ ಹಿಂಡಿ, ಅಷ್ಟೇ ಪ್ರಮಾಣದ ನೇರಳೆ ದ್ರಾವಣ ಬೆರೆಸಿ ತಟ್ಟೆಯನ್ನು ಮೆಲ್ಲಗೆ ತಿರುಗಿಸಬೇಕು. ದ್ರಾವಣದಲ್ಲಿರುವ ಸೋಪಿನಂಥ ವಸ್ತು ಜೀವಕೋಶಗಳನ್ನು ಒಡೆಯುತ್ತದೆ, ಅವುಗಳ ಡಿಎನ್‌ಎ ಹೊರಬಂದು ಲೋಳೆಯಾಗುತ್ತದೆ. ಲೋಳೆ ಗಟ್ಟಿಯಾದಷ್ಟೂ ಬಾವು ಜೋರು. ಈ ಪರೀಕ್ಷೆ 'ಯಾವ ತೊಟ್ಟು' ಎಂದು ಹೇಳುತ್ತದೆ. 'ಯಾವ ರೋಗಾಣು' ಎಂಬುದಕ್ಕೆ ಪ್ರಯೋಗಾಲಯಕ್ಕೆ ಬರಲೇಬೇಕು.

ಬರುವ ಮುನ್ನ ಹಾಲು ಹಿಡಿಯುವ ಕ್ರಮ ತಿಳಿದಿರಬೇಕು. ನನ್ನನ್ನು ಕೇಳಿದರೆ ಇಡೀ ಕೆಲಸದ ಮುಕ್ಕಾಲು ಪಾಲು ಯಶಸ್ಸು ಇರುವುದು ಕೊಟ್ಟಿಗೆಯಲ್ಲಿಯೇ. ಹಸುವಿನ ಕೆಚ್ಚಲು ಹೊರಗೆ ಒಂದಾಗಿ ಕಂಡರೂ ಒಳಗೆ ಗೋಡೆ ಹಾಕಿದ ನಾಲ್ಕು ಮನೆ. ಒಂದರ ಹಾಲು ಇನ್ನೊಂದಕ್ಕೆ ಹೋಗುವುದಿಲ್ಲ. ಹಾಗಾಗಿ ತೊಟ್ಟಿಗೊಂದು ಸೀಸೆ ಬೇಕು, ಅದೂ ಪ್ರಯೋಗಾಲಯದಿಂದಲೋ ಪಶು ಆಸ್ಪತ್ರೆಯಿಂದಲೋ ಪಡೆದ, ಮುಚ್ಚಳ ಬಿಗಿದ, ಕ್ರಿಮಿಶುದ್ಧಿ ಮಾಡಿದ ಸೀಸೆ. ಮನೆಯಲ್ಲಿ ಎಷ್ಟೇ ತೊಳೆದರೂ ಹಳೆಯ ಸೀಸೆ ನಮ್ಮ ಲೆಕ್ಕದಲ್ಲಿ ಶುದ್ಧವಲ್ಲ. ಕೈ ತೊಳೆದು ಒರೆಸಿಕೊಳ್ಳಿ. ತೊಟ್ಟು ಕೊಳೆಯಾಗಿದ್ದರೆ ಮಾತ್ರ ತೊಳೆದು ಪೂರ್ತಿ ಒಣಗಿಸಿ. ಕೆಚ್ಚಲಿನಿಂದ ತೊಟ್ಟಿಕ್ಕುವ ಒಂದು ಹನಿ ನೀರು ಸೀಸೆಗೆ ಬಿದ್ದರೂ ಅದರೊಂದಿಗೆ ಸಗಣಿಯ ಬ್ಯಾಕ್ಟೀರಿಯಾ ಇಳಿಯುತ್ತದೆ. ಮೊದಲ ಎರಡು ಮೂರು ಧಾರೆಗಳನ್ನು ಬೇರೆ ಪಾತ್ರೆಗೆ ಹಿಂಡಿ ಬಿಡಿ. ಶೇ. 70ರ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ತೊಟ್ಟಿನ ತುದಿಯನ್ನು, ಹತ್ತಿಯಲ್ಲಿ ಕೊಳೆ ಕಾಣದಂತಾಗುವವರೆಗೆ ಒರೆಸಿ. ಒರೆಸುವಾಗ ನಿಮ್ಮಿಂದ ದೂರದ ತೊಟ್ಟು ಮೊದಲು, ಹಾಲು ಹಿಡಿಯುವಾಗ ಹತ್ತಿರದ ತೊಟ್ಟು ಮೊದಲು. ಆಗ ಒರೆಸಿದ ತೊಟ್ಟಿಗೆ ತೋಳು ತಾಗುವುದಿಲ್ಲ. ಸೀಸೆಯನ್ನು ನೆಟ್ಟಗೆ ಹಿಡಿಯದೆ ಓರೆಯಾಗಿ ಹಿಡಿಯಿರಿ, ಮೇಲಿನಿಂದ ಕೂದಲು, ದೂಳು ಉದುರಿ ಬೀಳುವುದು ತಪ್ಪುತ್ತದೆ. ಮುಚ್ಚಳವನ್ನು ನೆಲದ ಮೇಲಿಡಬೇಡಿ. ಒಂದೆರಡು ಧಾರೆ, ಅಂದರೆ ನಾಲ್ಕೈದು ಮಿಲಿಲೀಟರ್, ಸಾಕು. ಹಸುವಿನ ಗುರುತು, ತೊಟ್ಟಿನ ಗುರುತು, ದಿನಾಂಕವನ್ನು ಅಲ್ಲಿಯೇ ಬರೆಯಿರಿ.

ಆಮೇಲೆ ಮಂಜುಗಡ್ಡೆ. ಇ. ಕೋಲಿಯಂಥ ಬ್ಯಾಕ್ಟೀರಿಯಾಕ್ಕೆ ಬೆಚ್ಚನೆಯ ಜಾಗ ಸಿಕ್ಕರೆ ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಎರಡಾಗುತ್ತದೆ. ಬಿಸಿಲು ಬೀಳುವ ಬಸ್ಸಿನ ಕಿಟಕಿಯ ಪಕ್ಕ ಮೂರು ಗಂಟೆ ಕುಳಿತ ಸೀಸೆಯಲ್ಲಿ ಅದು ಒಂಬತ್ತು ಸಲ ಇಮ್ಮಡಿಸಿ ಒಂದಿದ್ದದ್ದು ಐನೂರ ಹನ್ನೆರಡಾಗಬಹುದು. ಕೊಟ್ಟಿಗೆಯಲ್ಲಿ ತಪ್ಪಿ ಬಿದ್ದ ಒಂದು ರೋಗಾಣು ಪ್ರಯೋಗಾಲಯಕ್ಕೆ ಬರುವಷ್ಟರಲ್ಲಿ ಮುಖ್ಯ ಆರೋಪಿಯಂತೆ ಕಾಣುತ್ತದೆ. ಊಟದ ಕ್ಯಾರಿಯರಿನಲ್ಲಿ ಮಂಜುಗಡ್ಡೆ ತುಂಬಿ ನಡುವೆ ಸೀಸೆ ಇಟ್ಟು ತಂದರೂ ನಡೆಯುತ್ತದೆ, ಅದೇ ದಿನ ತಲುಪಿದರೆ ಒಳ್ಳೆಯದು.

ಎಲ್ಲಕ್ಕಿಂತ ಮುಖ್ಯವಾದದ್ದನ್ನು ಬೇಕೆಂದೇ ಕೊನೆಗೆ ಇಟ್ಟಿದ್ದೇನೆ. ಆಂಟಿಬಯೋಟಿಕ್ ಕೊಡುವ ಮೊದಲು ಹಾಲು ಹಿಡಿಯಬೇಕು. ಇಂಜೆಕ್ಷನ್ ಬಿದ್ದ ಮೇಲೆ ರೋಗಾಣು ಪೂರ್ತಿ ಸಾಯದಿದ್ದರೂ ಪ್ಲೇಟಿನ ಮೇಲೆ ಬೆಳೆಯದಷ್ಟು ಸೊರಗುತ್ತದೆ. ಹಾಗೆಂದು ಹಸು ಜ್ವರದಿಂದ ಮಲಗಿರುವಾಗ ವರದಿಗೆ ಕಾಯುತ್ತಾ ಕೂರಬೇಕಿಲ್ಲ. ಐದು ನಿಮಿಷದಲ್ಲಿ ಹಾಲು ಹಿಡಿದಿಟ್ಟು, ಕೂಡಲೇ ಚಿಕಿತ್ಸೆ ಆರಂಭಿಸಬಹುದು. ನಮ್ಮ ಕಡೆ ಹಲವರು ಲೋಳೆಸರ, ಅರಿಶಿನ, ಸುಣ್ಣ ಅರೆದು ಕೆಚ್ಚಲಿಗೆ ಹಚ್ಚುತ್ತಾರೆ. ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯೂ ಈ ಲೇಪವನ್ನು ಪ್ರಚಾರ ಮಾಡಿದೆ. ಹಚ್ಚುವುದಕ್ಕೆ ನನ್ನ ಅಡ್ಡಿಯಿಲ್ಲ, ಆದರೆ ಅದಕ್ಕೂ ಮೊದಲು ಹಾಲು ಸೀಸೆಗೆ ಬಂದಿರಲಿ.

ಈಗ ಪ್ರಯೋಗಾಲಯದೊಳಗೆ ಬನ್ನಿ. ಬ್ಯಾಕ್ಟೀರಿಯಾವನ್ನು ಒಂಟಿಯಾಗಿ ನೋಡಿ ಹೆಸರು ಹೇಳಲಾಗದು. ಸೂಕ್ಷ್ಮದರ್ಶಕದಡಿ ಅದೊಂದು ಚುಕ್ಕೆಯೋ ಕಡ್ಡಿಯೋ ಅಷ್ಟೇ. ಅದಕ್ಕೆ ಉಣ್ಣಲು ಕೊಟ್ಟು, ಕೋಟ್ಯಂತರವಾಗಿ ಬೆಳೆಸಿ, ಅದರ ನಡವಳಿಕೆಯಿಂದ ಗುರುತು ಹಿಡಿಯಬೇಕು. ಉಣ್ಣುವ ತಟ್ಟೆಯೇ ಅಗರ್ ಪ್ಲೇಟು. ಮಲೆನಾಡಿನ ಮನೆಗಳಲ್ಲಿ ಹಾಲುಬಾಯಿ ಮಾಡಿ ತಟ್ಟೆಗೆ ಸುರಿದು ಆರಲು ಬಿಡುತ್ತಾರಲ್ಲ, ಹಾಗೆಯೇ ಇದನ್ನೂ ಬಿಸಿಯಾಗಿ ಸುರಿದು ಗಟ್ಟಿಯಾಗಿಸುತ್ತೇವೆ. ಅಗರ್ ಎಂದರೆ ಕಡಲ ಪಾಚಿಯಿಂದ ತೆಗೆದ, ಅಂಗಡಿಯಲ್ಲಿ ಚೈನಾ ಗ್ರಾಸ್ ಎಂದು ಸಿಗುವ ಅದೇ ವಸ್ತು. 1880ರ ದಶಕದ ಆರಂಭದಲ್ಲಿ ಇದನ್ನು ಪ್ರಯೋಗಾಲಯಕ್ಕೆ ತರುವ ಸಲಹೆ ಕೊಟ್ಟವರು ಫ್ಯಾನಿ ಹೆಸ್ಸೆ. ಅಡುಗೆಮನೆಯಲ್ಲಿ ಜೆಲ್ಲಿ ಮಾಡಲು ಬಳಸುತ್ತಿದ್ದುದನ್ನು ಅವರು ವಿಜ್ಞಾನಿಯಾದ ತಮ್ಮ ಪತಿಗೆ ಸೂಚಿಸಿದರು. ಅದಕ್ಕೆ ಮೊದಲು ಬಳಸುತ್ತಿದ್ದ ಜೆಲಟಿನ್ 37 ಡಿಗ್ರಿಯಲ್ಲಿ ಕರಗಿ ನೀರಾಗುತ್ತಿತ್ತು. ಇಂದಿಗೂ ಪ್ರಪಂಚದ ಪ್ರತಿಯೊಂದು ಸೂಕ್ಷ್ಮಜೀವಿ ಪ್ರಯೋಗಾಲಯ ಆ ಹೆಣ್ಣುಮಗಳ ಅಡುಗೆಯ ಅನುಭವದ ಮೇಲೆ ನಿಂತಿದೆ ಎಂಬುದು ನನಗೆ ಬಹಳ ಹೆಮ್ಮೆಯ ಸಂಗತಿ.

ಕೆಚ್ಚಲಿನ ಹಾಲಿಗೆ ನಾವು ಸಾಮಾನ್ಯವಾಗಿ ಎರಡು ಪ್ಲೇಟು ಬಳಸುತ್ತೇವೆ. ಒಂದು ಬ್ಲಡ್ ಅಗರ್, ಅಂದರೆ ಶೇ. 5ರಷ್ಟು ಕುರಿಯ ಅಥವಾ ದನದ ರಕ್ತ ಬೆರೆಸಿದ್ದು. ಹೆಚ್ಚುಕಡಿಮೆ ಎಲ್ಲ ಬಗೆಯವೂ ಇದರ ಮೇಲೆ ಬೆಳೆಯುತ್ತವೆ. ಇನ್ನೊಂದು ಮೆಕಾಂಕಿ ಅಗರ್. ಇದರಲ್ಲಿ ಪಿತ್ತದ ಲವಣ ಇರುವುದರಿಂದ ಕರುಳಿನಲ್ಲಿ ವಾಸಿಸಿ ರೂಢಿಯಿರುವ ಇ. ಕೋಲಿಯಂಥವು ಮಾತ್ರ ಆರಾಮವಾಗಿ ಬೆಳೆಯುತ್ತವೆ. ತುದಿಯಲ್ಲಿ ಪುಟ್ಟ ಉಂಗುರವಿರುವ ತಂತಿಯಿಂದ ಒಂದು ಮಿಲಿಲೀಟರಿನ ನೂರನೆಯ ಒಂದು ಭಾಗದಷ್ಟು ಹಾಲನ್ನು ಎತ್ತಿ ಪ್ಲೇಟಿನ ಮೇಲೆ ಎಳೆಯುತ್ತೇವೆ. 37 ಡಿಗ್ರಿಯ ಪೆಟ್ಟಿಗೆಯಲ್ಲಿಟ್ಟು 24 ಗಂಟೆಯಾದಾಗ ಒಮ್ಮೆ, 48 ಗಂಟೆಯಾದಾಗ ಇನ್ನೊಮ್ಮೆ ನೋಡುತ್ತೇವೆ. ಎಲ್ಲೆಲ್ಲಿ ಒಂದು ಬ್ಯಾಕ್ಟೀರಿಯಾ ಕುಳಿತಿತ್ತೋ ಅಲ್ಲಲ್ಲಿ ಅದರ ಸಂತಾನವೆಲ್ಲ ಸೇರಿ ಸಾಸಿವೆ ಕಾಳಿನಷ್ಟು ಚುಕ್ಕೆಯಾಗುತ್ತದೆ. ಅದನ್ನು ಕಾಲೊನಿ ಎನ್ನುತ್ತೇವೆ. ಪ್ಲೇಟಿನಲ್ಲಿ ಒಂದು ಕಾಲೊನಿ ಇದೆಯೆಂದರೆ ಮಿಲಿಲೀಟರ್ ಹಾಲಿನಲ್ಲಿ ಸುಮಾರು ನೂರು ಬ್ಯಾಕ್ಟೀರಿಯಾ ಇದ್ದವು ಎಂದು ಲೆಕ್ಕ. ಒಂದೇ ಬಗೆಯ ಕಾಲೊನಿಗಳು ತುಂಬಿದ್ದರೆ ನಮಗೆ ಸಂತೋಷ. ಎರಡು ಬಗೆ ಇದ್ದರೆ ಯೋಚಿಸುತ್ತೇವೆ. ಮೂರು ಅಥವಾ ಹೆಚ್ಚು ಬಗೆ ಕಂಡರೆ ಹಾಲು ಹಿಡಿಯುವಾಗ ಕೆಟ್ಟಿದೆ ಎಂದು ಬರೆದು ಹೊಸ ಹಾಲು ಕೇಳುತ್ತೇವೆ. ಆಲೂರಿನ ಸೀಸೆಗೆ ಆದದ್ದು ಇದೇ.

ಕಾಲೊನಿ ಸಿಕ್ಕ ಮೇಲೆ ಮೊದಲ ಪ್ರಶ್ನೆ: ಬಣ್ಣ ಹಿಡಿಯುತ್ತದೆಯೇ ಇಲ್ಲವೇ? 1884ರಲ್ಲಿ ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಗ್ರಾಮ್ ಪ್ರಕಟಿಸಿದ ವಿಧಾನವನ್ನೇ ಇಂದಿಗೂ ಅನುಸರಿಸುತ್ತೇವೆ. ಗಾಜಿನ ಪಟ್ಟಿಯ ಮೇಲೆ ಬ್ಯಾಕ್ಟೀರಿಯಾವನ್ನು ಸವರಿ ನೇರಳೆ ಬಣ್ಣ, ಅಯೋಡಿನ್ ಹಾಕಿ ಆಲ್ಕೋಹಾಲಿನಿಂದ ತೊಳೆಯುತ್ತೇವೆ. ದಪ್ಪ ಗೋಡೆಯವು ನೇರಳೆಯನ್ನು ಬಿಟ್ಟುಕೊಡುವುದಿಲ್ಲ, ಅವು ಗ್ರಾಮ್ ಪಾಸಿಟಿವ್. ತೆಳು ಗೋಡೆಯವು ಬಣ್ಣ ಕಳೆದುಕೊಂಡು, ಕೊನೆಗೆ ಹಾಕುವ ಕೆಂಪನ್ನು ಹಿಡಿಯುತ್ತವೆ, ಅವು ಗ್ರಾಮ್ ನೆಗೆಟಿವ್. ಹಸುವಿನ ಹತ್ತಿರ ನಿಂತಿರುವ ವೈದ್ಯರಿಗೆ ಈ ಒಂದು ಉತ್ತರವೇ ಬಹಳ ದೊಡ್ಡದು. ಔಷಧಿಯ ದಾರಿ ಇಲ್ಲಿಯೇ ಎರಡಾಗಿ ಕವಲೊಡೆಯುತ್ತದೆ.

ನೇರಳೆಯಾಗಿ, ದುಂಡಗೆ ಕಂಡವು ಸ್ಟಫೈಲೊಕಾಕಸ್ ಇರಬಹುದು, ಸ್ಟ್ರೆಪ್ಟೊಕಾಕಸ್ ಇರಬಹುದು. ಗ್ರೀಕಿನಲ್ಲಿ ಸ್ಟಫೈಲೆ ಎಂದರೆ ದ್ರಾಕ್ಷಿ ಗೊಂಚಲು. ಮೊದಲಿನವು ಗೊಂಚಲಾಗಿ, ಎರಡನೆಯವು ಮಣಿಸರದಂತೆ ಸಾಲಾಗಿ ಇರುತ್ತವೆ. ಕಣ್ಣನ್ನೇ ನಂಬಿ ಕೂರುವಂತಿಲ್ಲ, ಹಾಗಾಗಿ ಕ್ಯಾಟಲೇಸ್ ಪರೀಕ್ಷೆ. ಕಾಲೊನಿಯ ಚೂರಿನ ಮೇಲೆ ಶೇ. 3ರ ಹೈಡ್ರೊಜನ್ ಪೆರಾಕ್ಸೈಡ್ ಒಂದು ಹನಿ ಬಿಟ್ಟರೆ ಸ್ಟಫೈಲೊಕಾಕಸ್ ಬುಸುಬುಸು ನೊರೆ ಎಬ್ಬಿಸುತ್ತದೆ, ಸ್ಟ್ರೆಪ್ಟೊಕಾಕಸ್ ಸುಮ್ಮನಿರುತ್ತದೆ. ಗಾಯಕ್ಕೆ ಪೆರಾಕ್ಸೈಡ್ ಹಾಕಿದಾಗ ನೊರೆ ಬರುವುದೂ ಇದೇ ಕಾರಣಕ್ಕೆ: ರಕ್ತದಲ್ಲಿಯೂ ಕ್ಯಾಟಲೇಸ್ ಇದೆ. ಆದ್ದರಿಂದ ಬ್ಲಡ್ ಅಗರಿನಿಂದ ಕಾಲೊನಿ ಎತ್ತುವಾಗ ಕೆಳಗಿನ ರಕ್ತ ಚೂರೂ ಅಂಟದಂತೆ ಕಾಲೊನಿಯ ನೆತ್ತಿಯಿಂದಲೇ ಎತ್ತಬೇಕು. ಹೊಸದಾಗಿ ಕಲಿಯಲು ಬಂದ ವಿದ್ಯಾರ್ಥಿಗಳು ಎಡವುವುದು ಸಾಮಾನ್ಯವಾಗಿ ಇಲ್ಲಿಯೇ.

ಸ್ಟಫೈಲೊಕಾಕಸ್ ಎಂದು ಖಚಿತವಾದ ಮೇಲೆ ನನ್ನ ಎದೆ ಸ್ವಲ್ಪ ಬಿಗಿಯುತ್ತದೆ. ಇದು ಆರಿಯಸ್ಸೋ, ಅಲ್ಲವೋ? ತೊಟ್ಟಿನ ಚರ್ಮದ ಮೇಲೆ ವಾಸಿಸುವ ಇತರ ಸ್ಟಫೈಲೊಕಾಕಸ್‌ಗಳು ಮಾಡುವ ಬಾವು ಹೆಚ್ಚಾಗಿ ಸೌಮ್ಯ, ಎಷ್ಟೋ ಸಲ ತಾನಾಗಿಯೇ ಇಳಿಯುತ್ತದೆ. ಆರಿಯಸ್ ಹಾಗಲ್ಲ. ಅದು ಕೆಚ್ಚಲಿನ ಅಂಗಾಂಶದೊಳಗೆ ಸಣ್ಣ ಸಣ್ಣ ಕೀವಿನ ಗೂಡು ಕಟ್ಟಿ, ಸುತ್ತ ನಾರಿನ ಗೋಡೆ ಎದ್ದು, ಔಷಧಿ ತಲುಪದ ಜಾಗದಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಬಿಳಿ ರಕ್ತಕಣದ ಒಳಗೇ ಅಡಗಿ ಕೂರುವುದೂ ಉಂಟು. ಇಂಜೆಕ್ಷನ್ ಕೊಟ್ಟಾಗ ಗರಣೆ ನಿಂತು ಎರಡು ವಾರದ ಮೇಲೆ ಮತ್ತೆ ಬರುವ ಹಸುಗಳಲ್ಲಿ ಬಹಳಷ್ಟು ಸಲ ಕಾಣುವುದು ಇದೇ.

ಬ್ಲಡ್ ಅಗರಿನ ಮೇಲೆ ಇದರ ಕಾಲೊನಿ ಕೆನೆಬಣ್ಣಕ್ಕೋ ಹೊನ್ನಿನ ಬಣ್ಣಕ್ಕೋ ತಿರುಗಿರುತ್ತದೆ. ಲ್ಯಾಟಿನ್ನಿನಲ್ಲಿ ಆರಿಯಸ್ ಎಂದರೆ ಹೊನ್ನಿನದು. ಹಸುವಿನಿಂದ ಬಂದ ತಳಿಗಳಲ್ಲಿ ಹೆಚ್ಚಿನವು ಎರಡು ಬಗೆಯ ವಿಷ ಉಗುಳುವುದರಿಂದ ಕಾಲೊನಿಯ ಸುತ್ತ ಎರಡು ಪ್ರಭಾವಳಿ ಕಾಣುತ್ತವೆ. ಒಳಗಿನದರಲ್ಲಿ ರಕ್ತ ಪೂರ್ತಿ ಕರಗಿ ತಿಳಿಯಾಗಿರುತ್ತದೆ, ಹೊರಗಿನದರಲ್ಲಿ ಅರ್ಧ ಕರಗಿ ಮಸುಕಾಗಿರುತ್ತದೆ. ಪ್ಲೇಟನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಅದು ಕಂಡಿತೆಂದರೆ ಉತ್ತರ ಮುಕ್ಕಾಲು ಸಿಕ್ಕಂತೆ. ಉಳಿದ ಕಾಲು ಪಾಲಿಗೆ ಕೊಯಾಗ್ಯುಲೇಸ್ ಪರೀಕ್ಷೆ ಇದೆ. ಮೊಲದ ರಕ್ತದ ಪ್ಲಾಸ್ಮಾವನ್ನು ಸಣ್ಣ ನಳಿಕೆಯಲ್ಲಿ ತೆಗೆದುಕೊಂಡು ಬ್ಯಾಕ್ಟೀರಿಯಾ ಬೆರೆಸಿ ಬೆಚ್ಚಗಿಟ್ಟರೆ ಆರಿಯಸ್ ಅದನ್ನು ಹೆಪ್ಪುಗಟ್ಟಿಸುತ್ತದೆ. ಹಾಲಿಗೆ ಹೆಪ್ಪು ಹಾಕಿದ ಪಾತ್ರೆಯನ್ನು ಓರೆ ಮಾಡಿ ಮೊಸರಾಯಿತೇ ಎಂದು ನೋಡುವ ಹಾಗೆಯೇ ನಳಿಕೆಯನ್ನೂ ಅಲುಗಿಸದೆ ಓರೆ ಮಾಡಿ ನೋಡಬೇಕು. ನಾಲ್ಕು ಗಂಟೆ ಕಳೆದಾಗ ಒಮ್ಮೆ ನೋಡುವುದನ್ನು ತಪ್ಪಿಸಬಾರದು. ಕೆಲವು ತಳಿಗಳು ತಾವೇ ಕಟ್ಟಿದ ಹೆಪ್ಪನ್ನು ರಾತ್ರಿ ಕಳೆಯುವುದರೊಳಗೆ ತಾವೇ ಕರಗಿಸಿಬಿಡುತ್ತವೆ. ಬೆಳಿಗ್ಗೆ ಮಾತ್ರ ನೋಡಿದವರು ಆರಿಯಸ್ಸನ್ನು ನಿರಪರಾಧಿ ಎಂದು ಬಿಟ್ಟುಕಳುಹಿಸುತ್ತಾರೆ. ನಾಲ್ಕು ಗಂಟೆಗೆ ಹೆಪ್ಪು ಕಾಣದಿದ್ದರೆ ಮಾತ್ರ ಮರುದಿನದವರೆಗೆ ಕಾಯುತ್ತೇವೆ.

ಇನ್ನೊಂದು ಕಷ್ಟವಿದೆ. ಆರಿಯಸ್ ಪ್ರತಿದಿನ ಒಂದೇ ಪ್ರಮಾಣದಲ್ಲಿ ಹಾಲಿಗೆ ಇಳಿಯುವುದಿಲ್ಲ. ಇವತ್ತು ಸಾವಿರಾರು, ನಾಳೆ ಒಂದೂ ಇಲ್ಲ. ಒಂದು ಸಲ 'ಬೆಳೆಯಲಿಲ್ಲ' ಎಂದು ವರದಿ ಬಂದರೆ ಹಸು ಪಾರಾಯಿತೆಂದು ತಿಳಿಯಬಾರದು. ದಿನಗಳ ಅಂತರ ಬಿಟ್ಟು ಮೂರು ಸಲ ನೋಡಿದರೆ ಮಾತ್ರ ಧೈರ್ಯವಾಗಿ ಹೇಳಬಹುದು.

ನೊರೆ ಎಬ್ಬಿಸದ ಸ್ಟ್ರೆಪ್ಟೊಕಾಕಸ್ ಕಡೆಗೆ ಬರೋಣ. ಇಲ್ಲಿ ಮುಖ್ಯವಾಗಿ ಮೂರು: ಅಗಲ್ಯಾಕ್ಷಿಯೆ, ಡಿಸ್ಗಲ್ಯಾಕ್ಷಿಯೆ, ಯೂಬೆರಿಸ್. ಅಗಲ್ಯಾಕ್ಷಿಯೆ ಎಂದರೆ ಹಾಲಿಲ್ಲದಂತೆ ಮಾಡುವುದು ಎಂಬ ಅರ್ಥ. ಹಸುಗಳ ನಡುವೆ ಅದರ ಮುಖ್ಯ ಮನೆ ಕೆಚ್ಚಲೇ, ಹಾಲು ಕರೆಯುವಾಗ ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ. ಪೆನಿಸಿಲಿನ್‌ಗೆ ಸಾಮಾನ್ಯವಾಗಿ ಬಗ್ಗುವುದರಿಂದ ಇಡೀ ಕೊಟ್ಟಿಗೆಯಿಂದ ಇದನ್ನು ಬೇರುಸಹಿತ ಕೀಳಲು ಸಾಧ್ಯವಿದೆ. ಯೂಬೆರಿಸ್ ಮಾತ್ರ ನೆಲದ್ದು, ಒದ್ದೆ ಹುಲ್ಲಿನದ್ದು. ಇವನ್ನು ಬೇರ್ಪಡಿಸುವ ಕ್ಯಾಂಪ್ ಪರೀಕ್ಷೆ ನನ್ನ ಕಣ್ಣಿಗೆ ಇಡೀ ಸೂಕ್ಷ್ಮಜೀವಿ ವಿಜ್ಞಾನದಲ್ಲಿಯೇ ಅತ್ಯಂತ ಚೆಲುವಾದದ್ದು. 1944ರಲ್ಲಿ ಇದನ್ನು ವರದಿ ಮಾಡಿದ ಕ್ರಿಸ್ಟಿ, ಆಟ್ಕಿನ್ಸ್, ಮುಂಚ್-ಪೀಟರ್ಸನ್ ಅವರ ಮೊದಲಕ್ಷರಗಳಿಂದ ಈ ಹೆಸರು ಬಂದಿದೆ. ಬ್ಲಡ್ ಅಗರಿನ ನಡುವೆ ಸ್ಟಫೈಲೊಕಾಕಸ್ ಆರಿಯಸ್ಸಿನ ಒಂದು ಗೆರೆ ಎಳೆದು, ಅದಕ್ಕೆ ಅಡ್ಡಲಾಗಿ, ಕೂದಲೆಳೆಯಷ್ಟು ದೂರ ಬಿಟ್ಟು ನಮ್ಮ ಸ್ಟ್ರೆಪ್ಟೊಕಾಕಸ್ಸಿನ ಗೆರೆ ಎಳೆಯುತ್ತೇವೆ. ರಾತ್ರಿಯಿಡೀ ಇಬ್ಬರೂ ತಮ್ಮ ತಮ್ಮ ವಿಷ ಸೂಸುತ್ತಾರೆ. ಒಬ್ಬ ರಕ್ತಕಣವನ್ನು ಅರ್ಧ ಸಡಿಲಿಸಿದರೆ, ಇನ್ನೊಬ್ಬ ಅಗಲ್ಯಾಕ್ಷಿಯೆ ಆಗಿದ್ದಲ್ಲಿ ಉಳಿದರ್ಧ ಮುಗಿಸುತ್ತಾನೆ. ಬೆಳಿಗ್ಗೆ ನೋಡಿದರೆ ಎರಡು ಗೆರೆ ಸಂಧಿಸುವ ಕಡೆ ಬಾಣದ ತುದಿಯ ಆಕಾರದಲ್ಲಿ ರಕ್ತ ತಿಳಿಯಾಗಿರುತ್ತದೆ. ಡಿಸ್ಗಲ್ಯಾಕ್ಷಿಯೆ ಬಾಣ ಬಿಡುವುದಿಲ್ಲ. ಯೂಬೆರಿಸ್ ಒಮ್ಮೊಮ್ಮೆ ಬಿಟ್ಟರೂ, ಎಸ್ಕುಲಿನ್ ಎಂಬ ವಸ್ತುವನ್ನು ಸೀಳಿ ಅಗರನ್ನು ಕಂದುಗಪ್ಪು ಮಾಡುವುದರಿಂದ ಸಿಕ್ಕಿಬೀಳುತ್ತದೆ.

ಮೆಕಾಂಕಿ ಪ್ಲೇಟಿನ ಕಡೆ ಕೆಲಸ ಬೇಗ ಆಗುತ್ತದೆ. ಹಾಲಿನ ಸಕ್ಕರೆಯನ್ನು ಹುಳಿಮಾಡುವ ಇ. ಕೋಲಿ ಒಣಗಿದಂತಿರುವ ಗುಲಾಬಿ ಕಾಲೊನಿ ಕೊಟ್ಟರೆ, ಕ್ಲೆಬ್ಸಿಯೆಲ್ಲಾ ಲೋಳೆಲೋಳೆಯಾದ, ತಂತಿಗೆ ಅಂಟಿ ಎಳೆಯಾಗುವ ಗುಲಾಬಿ ಕಾಲೊನಿ ಕೊಡುತ್ತದೆ. ಇಂಡೋಲ್ ಪರೀಕ್ಷೆಯಲ್ಲಿ ಇ. ಕೋಲಿ ಕೆಂಪು ಉಂಗುರ ತೋರಿಸುತ್ತದೆ. ಸಿಟ್ರೇಟ್ ಪರೀಕ್ಷೆಯಲ್ಲಿ ಕ್ಲೆಬ್ಸಿಯೆಲ್ಲಾ ಹಸಿರನ್ನು ನೀಲಿ ಮಾಡುತ್ತದೆ. ಗುಲಾಬಿಯಾಗದೆ ಮಸುಕಾಗಿ ಉಳಿದು, ಆಕ್ಸಿಡೇಸ್ ಪರೀಕ್ಷೆಗೆ ಗಾಢ ನೇರಳೆಯಾಗಿ, ಹಸಿರು ಬಣ್ಣ ಬಿಟ್ಟರೆ ಅದು ಸ್ಯೂಡೊಮೊನಾಸ್. ಕೆಚ್ಚಲು ತೊಳೆಯುವ ನೀರನ್ನೋ ಪೈಪನ್ನೋ ಪರೀಕ್ಷಿಸಿ ಎಂದು ಆಗ ಹೇಳುತ್ತೇನೆ.

ಇ. ಕೋಲಿಯ ಬಗ್ಗೆ ರೈತರಿಗೆ ತಿಳಿಯಬೇಕಾದ ಮಾತೊಂದಿದೆ. ಅದರ ಬಾವು ಒಮ್ಮೆಲೇ ಏರುತ್ತದೆ. ಸಂಜೆ ಚೆನ್ನಾಗಿದ್ದ ಹಸು ಬೆಳಿಗ್ಗೆ ಮೇವು ಬಿಟ್ಟು, ಕಿವಿ ತಣ್ಣಗಾಗಿ, ಹಾಲು ನೀರಾಗಿರುತ್ತದೆ. ಹಾನಿ ಮಾಡುವುದು ಹೆಚ್ಚಾಗಿ ಅದರ ಗೋಡೆಯಿಂದ ಕಳಚುವ ವಿಷ. ನಾವು ಗರಣೆ ನೋಡುವಷ್ಟರಲ್ಲಿ ಹಸುವಿನ ಬಿಳಿ ರಕ್ತಕಣಗಳು ಎಷ್ಟೋ ಬ್ಯಾಕ್ಟೀರಿಯಾವನ್ನು ಕೊಂದು ಮುಗಿಸಿರುತ್ತವೆ. ಸೌಮ್ಯ ಬಾವಿಗೆ ತೊಟ್ಟಿನೊಳಗೆ ಆಂಟಿಬಯೋಟಿಕ್ ಬಿಡುವುದರಿಂದ ಲಾಭ ಅಲ್ಪ. ಮಲಗಿದ ಹಸುವಿಗೆ ಬೇಕಾದದ್ದು ಮೊದಲು ದ್ರವ, ಊತ ಇಳಿಸುವ ಔಷಧಿ, ವೈದ್ಯರ ತುರ್ತು ಕೈ. ಎಂಟು ದಿನದ ವರದಿಗಿಂತ ಎಂಟು ಗಂಟೆಯೊಳಗಿನ ಚಿಕಿತ್ಸೆ ಇಲ್ಲಿ ದೊಡ್ಡದು. ವರದಿ ಉಪಯೋಗಕ್ಕೆ ಬರುವುದು ಉಳಿದ ಹಸುಗಳಿಗೆ. ಸಕಲೇಶಪುರ, ಮೂಡಿಗೆರೆ ಕಡೆಯ ಮಳೆಗಾಲದಲ್ಲಿ ಕೊಟ್ಟಿಗೆಗೆ ಹಾಕಿದ ಸೊಪ್ಪು, ದರಗು ಗಂಜಲದಲ್ಲಿ ನೆನೆದು ಬಿಸಿಯಾಗಿ, ಈ ಬ್ಯಾಕ್ಟೀರಿಯಾಗಳಿಗೆ ಹಬ್ಬವಾಗಿರುತ್ತದೆ. ಗೊಬ್ಬರಕ್ಕೆ ಒಳ್ಳೆಯದಾದದ್ದು ಕೆಚ್ಚಲಿಗೆ ಕೆಟ್ಟದ್ದು. ಕ್ಲೆಬ್ಸಿಯೆಲ್ಲಾ ಬಂದರೆ ಮರ ಕೊಯ್ಯುವ ಮಿಲ್ಲಿನಿಂದ ತಂದ ಹೊಟ್ಟನ್ನು ನೆಲಕ್ಕೆ ಹಾಸಿದ್ದೀರಾ ಎಂದು ಮೊದಲು ಕೇಳುತ್ತೇನೆ. ಹಸಿ ಮರದ ಹೊಟ್ಟಿಗೂ ಈ ಬ್ಯಾಕ್ಟೀರಿಯಾಕ್ಕೂ ಹಳೆಯ ನಂಟು. ಹಾಲು ಕರೆದ ಮೇಲೆ ತೊಟ್ಟಿನ ರಂಧ್ರ ಮುಚ್ಚಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು. ಆ ಹೊತ್ತಿನಲ್ಲಿ ಮುಂದೆ ಹುಲ್ಲು ಹಾಕಿ ಹಸು ಮಲಗದಂತೆ ನೋಡಿಕೊಂಡರೆ ಎಷ್ಟೋ ಇ. ಕೋಲಿ ಬಾಗಿಲಲ್ಲಿಯೇ ಉಳಿಯುತ್ತದೆ.

ಪ್ಲೇಟಿನ ಮೇಲೆ ಏನೂ ಬೆಳೆಯದ ದಿನಗಳೂ ಇವೆ, ಅವು ಕಡಿಮೆಯೇನಲ್ಲ. ಗರಣೆ ಇರುವ ಹಾಲಿನಲ್ಲಿಯೂ ಕಾಲು ಭಾಗದಷ್ಟು ಸ್ಯಾಂಪಲ್ ಹೀಗೆ ಖಾಲಿ ಬರುವುದು ಅನೇಕ ಪ್ರಯೋಗಾಲಯಗಳ ಅನುಭವ. ರೈತರು ಇದನ್ನು ಕೇಳಿ ಬೇಸರಪಡುತ್ತಾರೆ. ಇ. ಕೋಲಿಯನ್ನು ಹಸುವೇ ಮುಗಿಸಿರಬಹುದು, ಮೊದಲೇ ಔಷಧಿ ಬಿದ್ದಿರಬಹುದು, ಆರಿಯಸ್ ಆ ದಿನ ಅಡಗಿರಬಹುದು. ಮೈಕೊಪ್ಲಾಸ್ಮಾ ಎಂಬ ಗೋಡೆಯೇ ಇಲ್ಲದ ಬ್ಯಾಕ್ಟೀರಿಯಾ ನಮ್ಮ ಮಾಮೂಲಿ ಪ್ಲೇಟಿನಲ್ಲಿ ಬೆಳೆಯುವುದೇ ಇಲ್ಲ. ಅದಕ್ಕೆ ವಿಶೇಷ ಆಹಾರ, ಇಂಗಾಲದ ಡೈಆಕ್ಸೈಡ್ ತುಂಬಿದ ಪೆಟ್ಟಿಗೆ, ವಾರ ಹತ್ತು ದಿನದ ತಾಳ್ಮೆ ಬೇಕು. ಗೋಡೆಯ ಮೇಲೆ ಕೆಲಸ ಮಾಡುವ ಪೆನಿಸಿಲಿನ್ ಜಾತಿಯ ಔಷಧಿಗಳು ಅದಕ್ಕೆ ತಾಗುವುದೂ ಇಲ್ಲ.

ಹೊಸ ಯಂತ್ರಗಳು ಈ ದಾರಿಯನ್ನು ಬಹಳ ಮೊಟಕುಗೊಳಿಸಿವೆ. ಪಿಸಿಆರ್ ಹಾಲಿನಿಂದಲೇ ರೋಗಾಣುವಿನ ಡಿಎನ್‌ಎ ಹುಡುಕಿ ಕೆಲವೇ ಗಂಟೆಗಳಲ್ಲಿ ಹೆಸರು ಹೇಳುತ್ತದೆ. ಆದರೆ ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎಯನ್ನೂ, ಹಾಲು ಹಿಡಿಯುವಾಗ ತಪ್ಪಿ ಬಿದ್ದದ್ದನ್ನೂ ಅದು ಅಷ್ಟೇ ನಿಷ್ಠೆಯಿಂದ ಎತ್ತಿ ತೋರಿಸುತ್ತದೆ. ಮಾಲ್ಡಿ-ಟಾಫ್ ಎಂಬ ಯಂತ್ರ ಕಾಲೊನಿಗೆ ಲೇಸರ್ ಹೊಡೆದು, ಹಾರಿದ ಪ್ರೊಟೀನುಗಳು ಎಷ್ಟು ಹೊತ್ತಿಗೆ ಗುರಿ ಮುಟ್ಟುತ್ತವೆ ಎಂದು ಅಳೆದು, ಬೆರಳಚ್ಚಿನಂತೆ ಹೋಲಿಸಿ, ನಿಮಿಷಗಳಲ್ಲಿ ಹೆಸರು ಕೊಡುತ್ತದೆ. ಅದಕ್ಕೂ ಮೊದಲು ಕಾಲೊನಿ ಬೆಳೆಯಲೇಬೇಕು, ಆದ್ದರಿಂದ ಹೆಸ್ಸೆ ಅವರ ಅಗರ್ ಇನ್ನೂ ಕೆಲಸ ಬಿಟ್ಟಿಲ್ಲ.

ಹೆಸರು ಸಿಕ್ಕ ಮೇಲೆ ಯಾವ ಔಷಧಿ ಎಂಬ ಪ್ರಶ್ನೆ. ಮುಲ್ಲರ್-ಹಿಂಟನ್ ಅಗರಿನ ಮೇಲೆ ಬ್ಯಾಕ್ಟೀರಿಯಾವನ್ನು ಒಂದೇ ಸಮನಾಗಿ ಬಳಿದು, ಬೇರೆ ಬೇರೆ ಔಷಧಿ ಹೀರಿದ ಕಾಗದದ ಬಿಲ್ಲೆಗಳನ್ನು ಇಡುತ್ತೇವೆ. ಮರುದಿನ ಪ್ರತಿ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವೃತ್ತವನ್ನು ಮಿಲಿಮೀಟರಿನಲ್ಲಿ ಅಳೆಯುತ್ತೇವೆ. ವರದಿ ಓದುವವರು ಮಾಡುವ ದೊಡ್ಡ ತಪ್ಪು, ಯಾವ ವೃತ್ತ ದೊಡ್ಡದೋ ಆ ಔಷಧಿಯೇ ಬಲಶಾಲಿ ಎಂದುಕೊಳ್ಳುವುದು. ಪ್ರತಿ ಔಷಧಿಗೂ ಗಡಿ ಬೇರೆ. ಸ್ಟಫೈಲೊಕಾಕಸ್ ಆರಿಯಸ್ಸಿಗೆ ಜೆಂಟಾಮೈಸಿನ್ ಬಿಲ್ಲೆಯ ಸುತ್ತ 15 ಮಿಲಿಮೀಟರ್ ವೃತ್ತ ಸಾಕು. ಪೆನಿಸಿಲಿನ್ ಬಿಲ್ಲೆಗೆ 29 ಬೇಕು. ಅಲ್ಲಿ 20 ಬಂದಿದ್ದರೆ ಆ ಬ್ಯಾಕ್ಟೀರಿಯಾ ಪೆನಿಸಿಲಿನ್‌ಗೆ ಬಗ್ಗುವುದಿಲ್ಲ ಎಂದೇ ಅರ್ಥ. ಸೆಫಾಕ್ಸಿಟಿನ್ ಬಿಲ್ಲೆಯನ್ನು ನಾನು ತಪ್ಪದೆ ಇಡುತ್ತೇನೆ. ಅದರ ವೃತ್ತ ಕುಗ್ಗಿದ್ದರೆ ಪೆನಿಸಿಲಿನ್ ಜಾತಿಯದೇ ಆದ ಮೆಥಿಸಿಲಿನ್‌ಗೂ ಜಗ್ಗದ ತಳಿ ಇರುವ ಸೂಚನೆ, ಮತ್ತು ಅದು ಹಾಲು ಕರೆಯುವವರ ಕೈಗೂ ಹತ್ತಬಹುದು. ಪ್ಲೇಟಿನಲ್ಲಿ ಸತ್ತ ಆರಿಯಸ್ ಕೆಚ್ಚಲಿನ ಕೀವಿನ ಗೂಡಿನಲ್ಲಿ ಸಾಯದಿರಬಹುದು ಎಂಬುದನ್ನೂ ವರದಿಯ ಜೊತೆ ಬಾಯಿಮಾತಿನಲ್ಲಿ ಹೇಳಿ ಕಳುಹಿಸುತ್ತೇನೆ.

ಔಷಧಿ ನಡೆಯುತ್ತಿರುವ ದಿನಗಳಲ್ಲಿ, ಚೀಟಿಯಲ್ಲಿ ಬರೆದ ಅವಧಿ ಮುಗಿಯುವವರೆಗೆ, ಆ ಹಸುವಿನ ನಾಲ್ಕೂ ತೊಟ್ಟಿನ ಹಾಲನ್ನು ಡೇರಿಗೆ ಹಾಕಬಾರದು. ಒಬ್ಬರ ಕ್ಯಾನಿನ ಹಾಲು ಊರಿನ ಎಲ್ಲರ ಹಾಲಿನೊಡನೆ ಸೇರುತ್ತದೆ.

ಎಲ್ಲಿಗೆ ಕೊಡುವುದು ಎಂದು ಕೇಳುವವರಿಗೆ: ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜು ಹಾಸನದಲ್ಲಿಯೇ ಇದೆ. ಬೆಂಗಳೂರಿನ ಹೆಬ್ಬಾಳದಲ್ಲಿ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ ಇದೆ. ನಿಮ್ಮ ಊರಿನ ಪಶುವೈದ್ಯರನ್ನು ಮೊದಲು ವಿಚಾರಿಸಿ, ಸೀಸೆಯನ್ನೂ ಅವರಿಂದಲೇ ಪಡೆಯಿರಿ.

ಆಲೂರಿನ ಆ ತಾಯಿಗೆ ನಾಲ್ಕು ಶುದ್ಧ ಸೀಸೆ ಕಳುಹಿಸಿ, ಹಿಡಿಯುವ ಕ್ರಮವನ್ನು ಫೋನಿನಲ್ಲಿ ವಿವರಿಸಿದೆ. ಹತ್ತು ದಿನ ಕಾದು, ಸೂಜಿ ಹಾಕಿಸದೆ, ಊಟದ ಕ್ಯಾರಿಯರಿನಲ್ಲಿ ಮಂಜುಗಡ್ಡೆಯ ನಡುವೆ ತಂದರು. ಮೂರು ತೊಟ್ಟಿನ ಪ್ಲೇಟುಗಳು ಖಾಲಿ. ಹಿಂದಿನ ಎಡ ತೊಟ್ಟಿನದ್ದರಲ್ಲಿ ಒಂದೇ ಬಗೆಯ ಕೆನೆಬಣ್ಣದ ಕಾಲೊನಿಗಳು, ಸುತ್ತ ಜೋಡಿ ಪ್ರಭಾವಳಿ. ನೊರೆ ಬಂತು, ನಾಲ್ಕು ಗಂಟೆಗೆ ಪ್ಲಾಸ್ಮಾ ಹೆಪ್ಪುಗಟ್ಟಿತು. ಪೆನಿಸಿಲಿನ್‌ಗೆ ಬಗ್ಗದ, ಕ್ಲಾಕ್ಸಾಸಿಲಿನ್‌ಗೆ ಬಗ್ಗುವ ಆರಿಯಸ್. ಹಸುವನ್ನು ಸಂತೆಗೆ ಹೊಡೆದುಬಿಡಿ ಎಂದು ಊರಿನಲ್ಲಿ ಕೆಲವರು ಹೇಳಿದ್ದರಂತೆ. ಅದನ್ನು ನಾನು ಒಪ್ಪಲಿಲ್ಲ. ಮಾರಿದರೆ ರೋಗ ಇನ್ನೊಬ್ಬರ ಕೊಟ್ಟಿಗೆಗೆ ಹೋಗುತ್ತದೆ, ಅಷ್ಟೇ. ಅವರ ಉಳಿದ ಎರಡು ಹಸುಗಳ ಹಾಲನ್ನೂ ನೋಡಿದಾಗ ಒಂದರ ಮುಂದಿನ ಬಲ ತೊಟ್ಟಿನಲ್ಲಿ ಅದೇ ಬ್ಯಾಕ್ಟೀರಿಯಾ ಸಿಕ್ಕಿತು. ಅದು ಕೈಯಿಂದ ದಾಟಿತ್ತು.

ಅಂದಿನಿಂದ ಅವರು ರೋಗವಿಲ್ಲದ ಹಸುವನ್ನು ಮೊದಲು ಕರೆದು, ಈ ಎರಡನ್ನು ಕೊನೆಗೆ ಕರೆಯುತ್ತಾರೆ. ಕರೆದ ಮೇಲೆ ತೊಟ್ಟುಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದುತ್ತಾರೆ. ಹಾಲು ಬತ್ತಿಸುವ ಸಮಯಕ್ಕೆ ವೈದ್ಯರು ಎರಡೂ ಹಸುಗಳ ಎಲ್ಲ ತೊಟ್ಟಿಗೂ ಕ್ಲಾಕ್ಸಾಸಿಲಿನ್ ಟ್ಯೂಬ್ ಬಿಟ್ಟರು. ಹಾಲಿಲ್ಲದ ಆ ಎರಡು ತಿಂಗಳಿನಲ್ಲಿ ಔಷಧಿಗೆ ಒಳಗೆ ನಿಂತು ಕೆಲಸ ಮಾಡಲು ಕಾಲ ಸಿಗುತ್ತದೆ. ಮುಂದಿನ ಕರು ಹಾಕಿದ ಮೇಲೆ ಮೂರು ಸಲ ಹಾಲು ತಂದರು. ಮೊದಲ ಹಸುವಿನ ಹಿಂದಿನ ಎಡ ತೊಟ್ಟು ಮೂರು ಸಲವೂ ಖಾಲಿ ಬಂತು. ಎರಡನೆಯದರ ಮುಂದಿನ ಬಲ ತೊಟ್ಟಿನಲ್ಲಿ ಮೂರನೆಯ ಸಲ ಹನ್ನೊಂದು ಕಾಲೊನಿ ಇದ್ದವು. ಅದನ್ನು ಅವರು ಈಗಲೂ ಕೊನೆಯಲ್ಲಿಯೇ ಕರೆಯುತ್ತಿದ್ದಾರೆ.